ಕೋರೆಹಲ್ಲು ಕಳಚಿದ ವರ್ಷ

ಹೋದ ತಿಂಗಳು ಮೊಮ್ಮಗಳ ಮನೆಗೆ ಬಾಗಿಲು ಮಾಡಿಸಲೆಂದು ಮೈಸೂರಿನ ಒಂದು ಮರದ ಮಿಲ್ಲಿಗೆ ಹೋಗಿದ್ದೆ. ಗರಗಸದ ಕೆಳಗೆ ತೇಗದ ಹೊಟ್ಟು ಗುಡ್ಡೆ ಬಿದ್ದಿತ್ತು. ಹಿಂದಿನ ದಿನದ ಮಳೆಗೆ ನೆನೆದು ಅದರಿಂದ ಒಂದು ವಾಸನೆ ಏಳುತ್ತಿತ್ತು. ಸ್ವಲ್ಪ ಕಹಿ, ಸ್ವಲ್ಪ ಎಣ್ಣೆಯ ಜಿಡ್ಡು, ಹಳೆಯ ಚರ್ಮದ ಚೀಲವನ್ನು ಬಿಚ್ಚಿದ ಹಾಗೆ. ಮಿಲ್ಲಿನವನು ಚೌಕಟ್ಟಿನ ಅಳತೆ ಎಷ್ಟು ಅಂತ ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ನಾನಾಗಲೇ ಹುಣಸೂರಿನ ಮರದ ಡಿಪೋದ ಹಿಂದಿನ ಬೀದಿಯಲ್ಲಿ ನಿಂತಿದ್ದೆ, ನನಗೆ ಇಪ್ಪತ್ತಮೂರು ವರ್ಷವಾಗಿತ್ತು, ಪಕ್ಕದ ಮನೆಯ ಜಗಲಿಯಲ್ಲಿ ಸಾರಮ್ಮ ಅಕ್ಕಿ ಆರಿಸುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಕೃಷ್ಣರಾಜನಗರದಲ್ಲಿ. ಐವತ್ತನಾಲ್ಕನೇ ಇಸವಿಯ ಜೂನ್ ತಿಂಗಳಲ್ಲಿ ಹುಣಸೂರಿನ ಮಿಷನ್ ಶಾಲೆಗೆ ಮೇಷ್ಟ್ರಾಗಿ ಬಂದೆ. ಶಾಲೆ, ದೇವಾಲಯ, ನಮ್ಮ ಸಭೆಯ ಪಾಲಕರಾದ ಅಯ್ಯನವರ ಬಂಗಲೆ, ಎಲ್ಲವೂ ಒಂದೇ ಕಾಂಪೌಂಡಿನಲ್ಲಿದ್ದವು. ನನಗೆ ಮಾತ್ರ ಅಲ್ಲಿ ಜಾಗವಿರಲಿಲ್ಲವಾಗಿ ಡಿಪೋದ ಹಿಂದೆ ಒಂದು ಕೋಣೆ ಹಿಡಿದೆ. ಕಾಕನಕೋಟೆಯ ಕಾಡಿನಿಂದ ಬಂದ ದಿಮ್ಮಿಗಳು ಆನೆ ಮಲಗಿದ ಹಾಗೆ ಸಾಲಾಗಿ ಬಿದ್ದಿರುತ್ತಿದ್ದವು. ಅವುಗಳನ್ನು ಹರಾಜಿನಲ್ಲಿ ಕೊಳ್ಳಲು ಎಲ್ಲೆಲ್ಲಿಂದಲೋ ವ್ಯಾಪಾರಿಗಳು ಬರುತ್ತಿದ್ದರು. ಹಾಗೆ ಬಂದು ಐದಾರು ವರ್ಷದಿಂದ ಅಲ್ಲೇ ಮನೆ ಮಾಡಿಕೊಂಡಿದ್ದವರು ಏಲಿಯಾ. ಕೊಚ್ಚಿಯ ಕಡೆ ಪರವೂರಿನವರು. ಹೆಂಡತಿ ತೀರಿಕೊಂಡಿದ್ದರು, ಜೊತೆಗೆ ವಯಸ್ಸಾದ ತಾಯಿ ಸಾರಮ್ಮ ಇದ್ದರು.

ಏಲಿಯಾ ಎತ್ತರದ ತೆಳ್ಳನೆಯ ಮನುಷ್ಯ. ಬಿಳಿ ಮುಂಡು, ತಲೆಗೆ ಪುಟ್ಟ ಕರಿ ಟೋಪಿ, ಕಂಕುಳಲ್ಲಿ ಕೊಡೆ. ಟೋಪಿ ನೋಡಿದವರು ಅವರನ್ನು ಮಾಪಿಳ್ಳೆ ಸಾಬರು ಅಂದುಕೊಂಡಿದ್ದರು, ಹೆಸರು ಕೇಳಿದವರು ಮಲಯಾಳದ ಕ್ರೈಸ್ತರು ಅಂದುಕೊಂಡಿದ್ದರು. ನಾನು ಎರಡನೆಯ ಗುಂಪು. ಬಂದ ಮೊದಲ ಭಾನುವಾರವೇ ದೇವಾಲಯಕ್ಕೆ ಬರುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕು, ತಾನು ಯೆಹೂದ್ಯ, ನಿಮ್ಮ ಪುಸ್ತಕದಲ್ಲಿ ಬರುವ ಅದೇ ಜನ ಅಂದರು. ತಮಾಷೆ ಮಾಡುತ್ತಿದ್ದಾರೆ ಎಂದು ನಾನೂ ನಕ್ಕುಬಿಟ್ಟೆ. ಯೆಹೂದ್ಯರೆಂದರೆ ನನಗೆ ಭಾನುವಾರದ ಶಾಲೆಯ ಚಿತ್ರಗಳಲ್ಲಿ ನಿಲುವಂಗಿ ತೊಟ್ಟು ನಿಂತ ಗಡ್ಡದವರು. ಅವರು ಪಕ್ಕದ ಗೋಡೆಯ ಮೇಲೆ ಪಂಚೆ ಒಣಹಾಕುತ್ತಾರೆ, ನೀರಿಗೆ ಕೊಡಪಾನ ತೆಗೆದುಕೊಂಡು ಹೋಗುತ್ತಾರೆ ಎಂದು ನನಗೆ ಯಾರು ಹೇಳಿದ್ದರು?

ಆಗಸ್ಟ್ ತಿಂಗಳಲ್ಲಿ ನನಗೆ ಮಲೇರಿಯಾ ಬಂತು. ಆ ಕಾಲದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ ಕಡೆಗೆ ವರ್ಗವಾದವರಿಗೆ ಅದು ತಪ್ಪುತ್ತಿರಲಿಲ್ಲ. ಚಳಿ ಹತ್ತಿದಾಗ ಮಂಚವೇ ನಡುಗುತ್ತಿತ್ತು. ನಾಲ್ಕು ದಿನ ಬೆಳಿಗ್ಗೆ ಸಂಜೆ ಸಾರಮ್ಮ ಗಂಜಿ ತಂದು, ನಾನು ಕುಡಿದು ಮುಗಿಸುವವರೆಗೆ ಬಾಗಿಲ ಬಳಿ ಕೂತಿರುತ್ತಿದ್ದರು. ಸುಮ್ಮನೆ ಕೂರುವ ಹೆಂಗಸಲ್ಲ. ಮಲಯಾಳದಲ್ಲಿ ಅರ್ಧ, ಹುಣಸೂರಿನ ಕನ್ನಡದಲ್ಲಿ ಅರ್ಧ, ಏನಾದರೂ ಹೇಳುತ್ತಲೇ ಇರುತ್ತಿದ್ದರು. ಮೋಶೆಯನ್ನು ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಟ್ಟ ತಾಯಿಯ ಕತೆ ಹೇಳುವಾಗ, ತಮ್ಮ ಅತ್ತಿಗೆಗೆ ಆದ ಕಷ್ಟ ಹೇಳಿದ ಹಾಗೆ ಕಣ್ಣೊರೆಸಿಕೊಂಡರು. ನಾನು ಅದೇ ಕತೆಯನ್ನು ಮಕ್ಕಳಿಗೆ ನೂರು ಸಲ ಹೇಳಿದ್ದೆ. ಆ ತಾಯಿಗಾಗಿ ಒಬ್ಬರು ಅಳಬಹುದು ಎಂದು ನನಗೆ ಹೊಳೆದಿರಲಿಲ್ಲ.

ಅವರ ಮನೆಯ ಕಟ್ಟುಪಾಡುಗಳೆಲ್ಲ ನನಗೆ ಕ್ರಮೇಣ ತಿಳಿದವು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಸಾರಮ್ಮ ದೀಪ ಹಚ್ಚುತ್ತಿದ್ದರು. ಶನಿವಾರ ಒಲೆ ಹೊತ್ತಿಸುವುದಿಲ್ಲ, ಹರಾಜಿಗೆ ಹೋಗುವುದಿಲ್ಲ. ಮಾಂಸ ತಮ್ಮವರೇ ಕೊಯ್ದದ್ದಾಗಬೇಕು, ಹುಣಸೂರಿನಲ್ಲಿ ಅದು ಆಗದ ಮಾತು. ಮೀನೂ ಪೊರೆ ಇರುವುದೇ ಆಗಬೇಕು. ಶನಿವಾರ ಸಂಜೆ ತಾಯಿ ಮಗ ಇಬ್ಬರೂ ಲಕ್ಷ್ಮಣತೀರ್ಥ ಹೊಳೆಯ ಮೆಟ್ಟಿಲ ಬಳಿಗೆ ನಿಧಾನವಾಗಿ ನಡೆದು ಹೋಗಿ ಬರುತ್ತಿದ್ದರು.

ಜನವರಿ ಕಳೆದು ಹೊಗೆಸೊಪ್ಪಿನ ಸಸಿಮಡಿಗಳಿಗೆ ನೀರು ಹಾಕುವ ಕಾಲ ಬಂತು. ಆಗಲೇ ನಮ್ಮ ಸಭೆಯವರು ಒಂದು ನಾಟಕ ಆಡಿಸಬೇಕೆಂದು ತೀರ್ಮಾನಿಸಿದರು. ಕರ್ತನ ಶ್ರಮೆ, ಮರಣ, ಪುನರುತ್ಥಾನದ ನಾಟಕ. ಈಸ್ಟರ್ ಮಾರನೆಯ ಸೋಮವಾರ, ಶಾಲೆಯ ಬಯಲಿನಲ್ಲಿ, ಹಳ್ಳಿಯ ಹೆಂಗಸರು ಬೆಳಕಿರುವಾಗಲೇ ಮನೆ ಸೇರುವ ಹಾಗೆ ಮಧ್ಯಾಹ್ನ. ಮಾತು, ಹಾಡು ಬರೆಯುವ ಕೆಲಸ ನನಗೆ ಬಿತ್ತು. ಕಲಿಸುವುದಕ್ಕೆ ಕಟ್ಟೆಮಳಲವಾಡಿಯಿಂದ ಮರಿಬಸಪ್ಪನವರನ್ನು ಕರೆಸಿದರು. ಹಣೆಯ ತುಂಬ ವಿಭೂತಿ ಹಚ್ಚುವ ಮನುಷ್ಯ. ಸುತ್ತಿನ ತಾಲ್ಲೂಕುಗಳಲ್ಲೆಲ್ಲ ಅವರು ಕಲಿಸಿದ ಪೌರಾಣಿಕ ನಾಟಕವೆಂದರೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹಾರ್ಮೋನಿಯಂ ಮುಂದೆ ಕೂತರೆ ಮಳೆ ಬಂದರೂ ಏಳುವವರಲ್ಲ.

ಅವರು ನನ್ನನ್ನು ಮೊದಲ ದಿನವೇ ಕೇಳಿದ್ದು ಒಂದೇ, ಇದರಲ್ಲಿ ರಾಕ್ಷಸರು ಯಾರು ಎಂದು. ನಾನು ಹಿಂದುಮುಂದು ನೋಡದೆ ಯೆಹೂದ್ಯರು ಅಂದೆ. ನಾನು ಕೇಳಿ ಬೆಳೆದದ್ದೂ ಹಾಗೆಯೇ. ಶುಭಶುಕ್ರವಾರದ ಪ್ರಸಂಗಗಳಲ್ಲಿ, ಪಾಲಕರ ಉಪದೇಶಗಳಲ್ಲಿ, ಆ ಮಾತು ಎಷ್ಟು ಸಲ ಬರುತ್ತಿತ್ತೆಂದರೆ ಅದೊಂದು ಮಾತು ಎಂದೇ ಅನ್ನಿಸುತ್ತಿರಲಿಲ್ಲ. ಮರಿಬಸಪ್ಪನವರು ತಮ್ಮ ಪೆಟ್ಟಿಗೆಯಿಂದ ಬಿದಿರಿನ ಕೋರೆಹಲ್ಲು, ಕೆಂಪು ಬಣ್ಣ, ಕರಿ ಉಣ್ಣೆಯ ಕೂದಲು ತೆಗೆದರು. ನಾನು ಯೆಹೂದ್ಯರ ದೊಡ್ಡ ಪುರೋಹಿತನಾದ ಮಹಾಯಾಜಕನ ಪಾತ್ರ ಹಾಕುವವನು, ನನಗೆ ಎಲ್ಲರಿಗಿಂತ ದೊಡ್ಡ ಹಲ್ಲು. ಸಭೆಯ ಹಿರಿಯರಾದ ಸಮುವೇಲಪ್ಪನವರು, ಪೊಲೀಸಿನಲ್ಲಿ ದಫೇದಾರರಾಗಿ ನಿವೃತ್ತರಾದವರು, ಕೈ ತೊಳೆದು ಹೊಣೆ ಕಳಚಿಕೊಳ್ಳುವ ರೋಮಿನ ಅಧಿಪತಿ. ಆ ಕೋರೆಹಲ್ಲುಗಳನ್ನು ನೋಡಿ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕೋರೆಹಲ್ಲಿನವರು ಕುಣಿಯುತ್ತಾ ಬರುವುದಕ್ಕೆ ಒಂದು ಹಾಡು ಬೇಕಾಯಿತು. ನಾನು ಒಂದೇ ಸಂಜೆಯಲ್ಲಿ ಬರೆದೆ. ‘ಕೊಂದವರಾರು, ಕೊಂದವರಾರು’ ಎಂದು ಒಬ್ಬರು ಕೇಳುವುದು, ಉಳಿದವರು ಆ ಜನದ ಹೆಸರು ಕೂಗುವುದು. ಮರಿಬಸಪ್ಪನವರು ಅದಕ್ಕೆ ಕೂಡಿಸಿದ ರಾಗ ಎಂಥದೆಂದರೆ, ಸಂಜೆ ತಾಲೀಮು ನೋಡಲು ಬಂದ ಮಕ್ಕಳು ಮಾರನೆಯ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹಾಡುತ್ತಿದ್ದರು, ಸಂತೆಯಲ್ಲಿ ಹಾಡುತ್ತಿದ್ದರು, ಕುಂಟೆಬಿಲ್ಲೆ ಆಡುವಾಗಲೂ ಅದನ್ನೇ. ನನಗೆ ಹೆಮ್ಮೆಯಾಯಿತು. ನಾನು ಬರೆದದ್ದೊಂದು ಊರಿನ ಬಾಯಿಗೆ ಬಿದ್ದದ್ದು ಅದೇ ಮೊದಲು.

ಪಕ್ಕದ ಮನೆಯಲ್ಲಿ ಅದು ಹೇಗೆ ಕೇಳಿಸೀತು ಎಂಬ ಯೋಚನೆ ನನಗೆ ಬರಲೇ ಇಲ್ಲ. ಸತ್ಯವಾಗಿ ಹೇಳುತ್ತಿದ್ದೇನೆ. ಗಂಜಿ ತಂದವರು ಬೇರೆ, ಹಾಡಿನಲ್ಲಿ ಬರುವವರು ಬೇರೆ ಎಂಬ ಹಾಗೆ ನನ್ನ ತಲೆ ಕೆಲಸ ಮಾಡುತ್ತಿತ್ತು.

ಮಾರ್ಚ್ ತಿಂಗಳ ಮೂರನೆಯ ಶನಿವಾರ. ಬಿಸಿಲಿಗೆ ಹೊಳೆ ಇಳಿದು ಕೆಳಗಿನ ಮೆಟ್ಟಿಲುಗಳೆಲ್ಲ ಪಾಚಿಗಟ್ಟಿ ಕಾಣುತ್ತಿದ್ದವು. ನಾನು ಬಜಾರಿನಿಂದ ಬರುತ್ತಿದ್ದೆ. ದೂರದಿಂದಲೇ ನನ್ನ ಹಾಡು ಕೇಳಿಸಿತು, ಹತ್ತು ಹದಿನೈದು ಮಕ್ಕಳ ಗಂಟಲು. ಹೊಳೆಯ ಕಡೆ ತಿರುಗಿದೆ. ಮಕ್ಕಳು ದಂಡೆಯ ಮೇಲೆ ಅರ್ಧ ಸುತ್ತು ಕಟ್ಟಿ ನಿಂತಿದ್ದರು, ಕೆಳಗೆ ಮೆಟ್ಟಿಲ ಮೇಲೆ ಏಲಿಯಾ ಮತ್ತು ಸಾರಮ್ಮ. ಇವರೇ ಆ ಜನ ಎಂದು ಯಾರು ಮಕ್ಕಳಿಗೆ ಹೇಳಿದರೋ. ಒಂದು ಮಣ್ಣಿನ ಹೆಂಟೆ ಏಲಿಯಾರ ಬೆನ್ನಿಗೆ ಬಿತ್ತು. ಇನ್ನೊಂದು ಬಂತು. ಅದು ಯಾರಿಗೂ ತಾಗಲಿಲ್ಲ, ಆದರೆ ಅದರಿಂದ ತಪ್ಪಿಸಿಕೊಳ್ಳಲು ಸಾರಮ್ಮ ಒಂದು ಹೆಜ್ಜೆ ಹಿಂದೆ ಇಟ್ಟರು. ಪಾಚಿಯ ಮೇಲೆ ಕಾಲು ಜಾರಿತು. ಬಲಗೈ ಊರಿಕೊಂಡು ಬಿದ್ದರು.

ನನ್ನನ್ನು ಕಂಡು ಮಕ್ಕಳು ಓಡಿದರು. ಮುಕ್ಕಾಲು ಪಾಲು ನನ್ನ ತರಗತಿಯವರೇ. ನಾನೂ ಏಲಿಯಾರೂ ಆ ತಾಯಿಯನ್ನು ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಮಣಿಕಟ್ಟಿನ ಮೂಳೆ ಮುರಿದಿತ್ತು. ಡಾಕ್ಟರು ಪಟ್ಟಿ ಹಾಕಿ, ಆರು ವಾರ ಕೈ ಅಲುಗಿಸಬಾರದು, ಬಸ್ ಪ್ರಯಾಣವಂತೂ ಕೂಡದು ಅಂದರು. ಏಪ್ರಿಲ್ ಮೊದಲ ವಾರ ಅವರ ಪಸ್ಕ ಹಬ್ಬ. ಪ್ರತಿ ವರ್ಷ ಪರವೂರಿಗೆ ಹೋಗಿ ಅಣ್ಣತಮ್ಮಂದಿರ ಜೊತೆ ಮಾಡುತ್ತಿದ್ದ ಹಬ್ಬ. ಆ ವರ್ಷ ಅದು ಇಲ್ಲ ಎಂದು ತಾಯಿಗೆ ಹೇಳುವಾಗ ಏಲಿಯಾ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು.

ಮನೆಗೆ ಬಂದು ಸಾರಮ್ಮನನ್ನು ಮಲಗಿಸಿದ ಮೇಲೆ ಏಲಿಯಾ ಜಗಲಿಗೆ ಬಂದರು.

“ಮಾಷೆ, ಆ ಪಾಟ್ಟು ಯಾರು ಬರ್ದದ್ದು?”

“ನಾನೇ,” ಅಂದೆ.

ಅವರು ಕೂಗಿ ಹೇಳಲಿಲ್ಲ, ಲೆಕ್ಕದ ಮೇಷ್ಟ್ರ ಹಾಗೆ ಒಂದೊಂದೇ ಮಾತು ಇಟ್ಟರು. “ನಮ್ಮ ಹಿರಿಯರು ಈ ನಾಡಿಗೆ ಬಂದು ಎಷ್ಟು ಕಾಲ ಆಯ್ತು ಅಂತ ನಮಗೇ ಗೊತ್ತಿಲ್ಲ. ಪರಂಗಿಗಳು ಒಂದು ಸಲ ನಮ್ಮ ಪಳ್ಳಿಗೆ, ನಮ್ಮ ಪ್ರಾರ್ಥನೆ ಮನೆಗೆ, ಬೆಂಕಿ ಇಟ್ರು, ಅವ್ರು ಹಡಗಲ್ಲಿ ಬಂದವ್ರು. ನಮ್ಮ ಕೊಚ್ಚಿ ರಾಜರು ತಮ್ಮ ಅರಮನೆ ಗೋಡೆ ಪಕ್ಕದಲ್ಲೇ ನಮಗೆ ಜಾಗ ಕೊಟ್ರು. ಈ ನಾಡಿನವರ ಬಾಯಲ್ಲಿ ಈ ಮಾತು ನಾವು ಕೇಳಿದ್ದೇ ಇಲ್ಲ. ಇವತ್ತು ಕೇಳಿದೆವು. ಕನ್ನಡದಲ್ಲಿ.”

ಯುದ್ಧ ಮುಗಿದ ಮೇಲೆ ಪೋಲೆಂಡಿನ ಕಡೆಯ ಒಬ್ಬ ಮನುಷ್ಯ ಕೊಚ್ಚಿಗೆ ಬಂದು ಅವರ ಮನೆಯಲ್ಲಿ ಕೆಲವು ದಿನ ಇದ್ದನಂತೆ. ಅವನ ಮನೆಯವರು ಒಬ್ಬರೂ ಉಳಿದಿರಲಿಲ್ಲ. ಅವನ ಊರಲ್ಲಿ ಪ್ರತಿ ವರ್ಷ ಈಸ್ಟರ್ ಹತ್ತಿರ ಬಂದಾಗ ಯೆಹೂದ್ಯರು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರಂತೆ. ಕೊಲ್ಲುವವರು ಬಂದದ್ದು ಎಷ್ಟೋ ವರ್ಷದ ಮೇಲೆ, ಮೊದಲು ಬಂದದ್ದು ಹಾಡು ಎಂದು ಅವನು ಹೇಳಿದನಂತೆ. ಇಷ್ಟು ಹೇಳಿ ಏಲಿಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಯುದ್ಧದಲ್ಲಿ ಯೆಹೂದ್ಯರನ್ನು ಕೂಡಿಹಾಕಿ ಕೊಂದ ಸೆರೆಶಿಬಿರಗಳ ಸುದ್ದಿಯನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಪತ್ರಿಕೆಯಲ್ಲಿ ಓದಿದ್ದೆ. ಓದಿ ಊಟ ಬಿಟ್ಟಿದ್ದೆ. ಮನುಷ್ಯರು ಹೀಗೂ ಇರುತ್ತಾರೆಯೇ ಎಂದು ಅಪ್ಪನನ್ನು ಕೇಳಿದ್ದೆ. ಹತ್ತು ವರ್ಷದ ಮೇಲೆ ಹುಣಸೂರಿನಲ್ಲಿ ಕೂತು ಅದರ ಮೊದಲ ಸಾಲು ಬರೆದವನು ನಾನು.

ಮಾರನೆಯ ದಿನ ಆರಾಧನೆ ಮುಗಿದ ಮೇಲೆ ಅಯ್ಯನವರ ಜಗಲಿಯಲ್ಲಿ ಸಭೆ ಸೇರಿತು. ನಾಟಕದವರೆಲ್ಲ ಇದ್ದರು. ನಾನು ನಡೆದದ್ದನ್ನು ಹೇಳಿ, ಹಾಡು ಕೈಬಿಡಬೇಕು, ಕೋರೆಹಲ್ಲು ಕೈಬಿಡಬೇಕು, ಇಲ್ಲವಾದರೆ ನನ್ನ ಕೈಯಲ್ಲಿ ಈ ನಾಟಕ ಆಗುವುದಿಲ್ಲ ಅಂದೆ. ಸಮುವೇಲಪ್ಪನವರಿಗೆ ಸಿಟ್ಟು ಬಂತು. ಮಕ್ಕಳು ಮಾಡಿದ್ದು ತಪ್ಪು, ನಾಲ್ಕು ಏಟು ಕೊಟ್ಟರಾಯಿತು. ನಮ್ಮ ಸತ್ಯವೇದದಲ್ಲಿ ಬರೆದಿರುವುದನ್ನು ತಿದ್ದಲು ನಾವು ಯಾರು ಎಂಬುದು ಅವರ ವಾದ. ಊರಿನವರು ಆ ವೇಷ ನೋಡಲಿಕ್ಕೇ ಬರುವುದು ಎಂದೂ ಸೇರಿಸಿದರು. ಕೆಲವರು ತಲೆಯಾಡಿಸಿದರು. ಅಯ್ಯನವರು ತಲೆ ತಗ್ಗಿಸಿ ಕೂತಿದ್ದರು. ಕೆಲಸ ಕೆಡುವ ಹಾಗೆ ಕಂಡಿತು.

ಮರಿಬಸಪ್ಪನವರು ಅಲ್ಲಿಯವರೆಗೆ ಕಂಬಕ್ಕೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಇದು ನಿಮ್ಮ ಮನೆಯ ಮಾತು, ಹೊರಗಿನವನು ನಾನು ಬಾಯಿ ಹಾಕಬಾರದು ಎಂದು ಶುರು ಮಾಡಿದರು.

“ಆದ್ರೂ ನಂಗೊಂದು ಇಸ್ಯ ಗೊತ್ತಾಗ್ನಿಲ್ಲ ಕಣ್ರೀ. ನಿಮ್ ಸಾಮಿ ಯಾವ ಜನ?”

ಅಯ್ಯನವರು ತಲೆ ಎತ್ತಿ, ಯೆಹೂದ್ಯ ಅಂದರು.

“ಅವರವ್ವ?”

“ಯೆಹೂದ್ಯಳು.”

“ಜೊತೇಲಿ ತಿರುಗ್ತಿದ್ರಲ್ಲ ಆ ಅನ್ನೆಲ್ಡು ಜನ ಶಿಷ್ಯರು, ಸತ್ತಾಗ ಅತ್ತೋರು, ಗೋರಿ ತಾವ ಓದ ಎಣ್ಮಕ್ಕಳು?”

ಎಲ್ಲರೂ ಅದೇ ಜನ ಎಂದರು ಅಯ್ಯನವರು.

ಮರಿಬಸಪ್ಪನವರು ಪೆಟ್ಟಿಗೆ ತೆರೆದು ಕೋರೆಹಲ್ಲುಗಳನ್ನು ತೆಗೆದು ಸಮುವೇಲಪ್ಪನವರ ಮುಂದೆ ಚಾಪೆಯ ಮೇಲೆ ಇಟ್ಟರು. “ಅಂಗಾರೆ ದಫೇದಾರ್ರೇ, ಇದ್ನ ಮೊದ್ಲು ನಿಮ್ ಸಾಮಿಗೇ ಕಟ್ಟಬೇಕಾಯ್ತದೆ. ಆಮೇಕೆ ಆ ತಾಯಿಗೆ. ನೀವೇ ಕಟ್ಟಿ. ನನ್ ಕೈಲಾಗದು.”

ಸಮುವೇಲಪ್ಪನವರು ಆ ಬಿದಿರಿನ ಹಲ್ಲುಗಳನ್ನು ನೋಡುತ್ತಾ ಕೂತರು. ಮರಿಬಸಪ್ಪನವರು ಮೆಲ್ಲಗೆ ಇನ್ನೊಂದು ಕೇಳಿದರು: ಆ ಊರಲ್ಲಿ ಮರಣದಂಡನೆ ಕೊಡುವ ಅಧಿಕಾರ ಯಾರದಿತ್ತು? ಸಮುವೇಲಪ್ಪನವರು ಮೂವತ್ತು ವರ್ಷ ಪೊಲೀಸಿನಲ್ಲಿದ್ದವರು. ಉತ್ತರ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ರೋಮಿನ ಸರ್ಕಾರದ್ದು, ಮೊಳೆ ಹೊಡೆದವರೂ ಸರ್ಕಾರದ ಸಿಪಾಯಿಗಳು ಎಂದು ನಿಧಾನವಾಗಿ ಹೇಳಿದರು. ಆಮೇಲೆ, ತಾವೂ ಮೇಲಿನಿಂದ ಬಂದ ಹುಕುಂ ಎಂದುಕೊಂಡು ಎಷ್ಟೋ ಸಲ ಕೈ ತೊಳೆದುಕೊಂಡಿದ್ದುಂಟು ಅಂದರು. ಇದನ್ನು ಯಾರೂ ಅವರನ್ನು ಕೇಳಿರಲಿಲ್ಲ.

ಆಗ ಅಯ್ಯನವರು ಎದ್ದು ನಿಂತರು. ತಪ್ಪು ಮೇಷ್ಟ್ರದ್ದಲ್ಲ, ಮಕ್ಕಳದ್ದೂ ಅಲ್ಲ, ಇಪ್ಪತ್ತು ವರ್ಷದಿಂದ ಪ್ರಸಂಗಪೀಠದಲ್ಲಿ ನಿಂತು ತಾನು ಹೇಳಿದ್ದೇ ಹಾಡಾಗಿ ಹೊರಗೆ ಬಂದಿದೆ ಅಂದರು. ಅಲ್ಲಿಂದ ನೇರ ಏಲಿಯಾರ ಮನೆಗೆ ನಡೆದರು. ನಾವೂ ಹಿಂದೆ ಹೋದೆವು. ಬೀದಿಯವರೆಲ್ಲ ನೋಡುತ್ತಿದ್ದರು. ಅಯ್ಯನವರು ಜಗಲಿಯ ಕೆಳಗೆ, ಬಿಸಿಲಲ್ಲಿ, ಕೈಮುಗಿದು ನಿಂತು ಕ್ಷಮೆ ಕೇಳಿದರು. ಏಲಿಯಾ ಕೇಳಿಸಿಕೊಂಡರು. ಆಯ್ತು ಎಂಬ ಒಂದೇ ಮಾತು ಹೇಳಿದರು. ಒಳಗೆ ಕರೆಯಲಿಲ್ಲ. ಕರೆಯಬೇಕಾಗಿತ್ತು ಎಂದು ಅನ್ನುವ ಹಕ್ಕು ನಮಗಿರಲಿಲ್ಲ.

ಸೋಮವಾರ ತರಗತಿಯಲ್ಲಿ ಬೆತ್ತವನ್ನು ಮೂಲೆಯಲ್ಲೇ ಬಿಟ್ಟು, ಆ ಹಾಡು ಬರೆದವನು ನಾನು, ಅದು ಸುಳ್ಳು ಹಾಡು, ಅದನ್ನು ಮರೆತುಬಿಡಿ ಎಂದು ಮಕ್ಕಳಿಗೆ ಹೇಳಿದೆ. ಮುಂದಿನ ಸಾಲಿನಲ್ಲಿ ದೇವಕೃಪೆ ಎಂಬ ಹುಡುಗಿ ಇದ್ದಳು, ಗಟ್ಟಿಗಿತ್ತಿ. ಬಾಯಿಗೆ ಬಂದ ಹಾಡನ್ನು ಮರೆಯುವುದು ಹೇಗೆ ಎಂದು ಕೇಳಿದಳು. ಸಂಜೆ ಅದನ್ನೇ ಮರಿಬಸಪ್ಪನವರನ್ನು ಕೇಳಿದರೆ, ರಾಗ ಮರೆಸಲಾಗುವುದಿಲ್ಲ, ಮಾತು ಬದಲಾಯಿಸಿದರೆ ನಾಲಿಗೆ ತಾನೇ ದಾರಿ ಬದಲಾಯಿಸುತ್ತದೆ ಅಂದರು. ಆ ವಾರವೆಲ್ಲ ಮಕ್ಕಳನ್ನೇ ಕೂರಿಸಿಕೊಂಡು ಹೊಸ ಮಾತು ಕಟ್ಟಿದೆ. ಪ್ರಶ್ನೆ ಅದೇ, ಕೊಂದವರಾರು. ಉತ್ತರ ಬೇರೆ. ‘ಹೆದರಿ ಓಡಿದ ನಾನು, ಕೈ ತೊಳೆದ ನಾನು, ಗುಂಪಲಿ ಕೂಗಿದ ನಾನು.’ ನಮ್ಮ ನಂಬಿಕೆ ಮೊದಲಿನಿಂದ ಹೇಳುವುದೂ ಅದನ್ನೇ ಅಲ್ಲವೇ. ಕರ್ತನು ಸತ್ತದ್ದು ನಮ್ಮೆಲ್ಲರ ಪಾಪಕ್ಕಾಗಿ ಎಂದು ವಾರವಾರ ಒಪ್ಪಿಕೊಂಡು, ಹೊರಗೆ ಬಂದೊಡನೆ ಅದನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸುತ್ತಿದ್ದೆವು. ಹತ್ತು ದಿನದಲ್ಲಿ ಬಾವಿಕಟ್ಟೆಯಲ್ಲಿ ಹೊಸ ಹಾಡು ಕೇಳಿಸತೊಡಗಿತು.

ಪಸ್ಕ ಹತ್ತಿರ ಬಂತು. ಆ ಹಬ್ಬಕ್ಕೆ ಅವರು ಹುಳಿಹಿಟ್ಟು ಸೇರದ ರೊಟ್ಟಿಯನ್ನೇ ತಿನ್ನಬೇಕು, ಅದನ್ನು ಶುದ್ಧವಾಗಿ ತಮ್ಮವರೇ ಮಾಡಬೇಕು. ಸಾರಮ್ಮನ ಕೈ ಪಟ್ಟಿಯಲ್ಲಿತ್ತು. ಪರವೂರಿನಿಂದ ಏಲಿಯಾರ ತಮ್ಮ ಒಂದು ತಗಡಿನ ಡಬ್ಬಿಯಲ್ಲಿ ರೊಟ್ಟಿ ಕಳಿಸಿದ್ದ, ಅದು ಕಲ್ಲಿಕೋಟೆಯ ಲಾರಿಯಲ್ಲಿ ಬಂದು ಮೈಸೂರಿನ ಒಂದು ಮಂಡಿಯಲ್ಲಿ ನಿಂತಿತ್ತು. ತಾಯಿಯೊಬ್ಬರನ್ನೇ ಬಿಟ್ಟು ಏಲಿಯಾ ಹೋಗುವ ಹಾಗಿರಲಿಲ್ಲ. ಇದನ್ನು ನಾನು ಶಾಲೆಯಲ್ಲಿ ಯಾರಿಗೋ ಹೇಳಿದ್ದು ಸಮುವೇಲಪ್ಪನವರ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಅವರು ಮೊದಲ ಬಸ್ಸಿಗೆ ಮೈಸೂರಿಗೆ ಹೋದರು. ಮಧ್ಯಾಹ್ನದ ಬಸ್ಸಿನಲ್ಲಿ ಹಿಂದಿರುಗಿದರು, ಡಬ್ಬಿ ತೊಡೆಯ ಮೇಲೆ. ಕಂಡಕ್ಟರು ಅದನ್ನು ಮೇಲೆ ಹಾಕುತ್ತೇನೆ ಎಂದಾಗ ಮುಟ್ಟಬೇಡ ಎಂದು ಗದರಿದರಂತೆ. ಏಲಿಯಾರ ಬಾಗಿಲಲ್ಲಿ ನಿಂತು, ಮೊಹರು ನೋಡಿಕೊಳ್ಳಿ, ಹಾಗೆಯೇ ಇದೆ, ದಾರಿಯಲ್ಲಿ ಯಾರ ಕೈಯೂ ಸೋಕಿಲ್ಲ ಅಂದರು. ಏಲಿಯಾ ಡಬ್ಬಿಯ ಅಂಚಿನ ಅರಗನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ದಫೇದಾರರನ್ನು ಒಳಗೆ ಕರೆದರು.

ಎರಡು ದಿನದ ಮೇಲೆ ಶುಭಶುಕ್ರವಾರ. ಕಟ್ಟೆಮಳಲವಾಡಿ, ಪಿರಿಯಾಪಟ್ಟಣದ ಕಡೆಯಿಂದಲೂ ಜನ ಬಂದು ದೇವಾಲಯ ತುಂಬಿತ್ತು, ಸೆಕೆಗೆ ಬೀಸಣಿಗೆಗಳು ಆಡುತ್ತಿದ್ದವು. ಅಯ್ಯನವರು ಪ್ರಸಂಗದಲ್ಲಿ ನೇರ ವಿಷಯಕ್ಕೆ ಬಂದರು. ಈ ವಾರ ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಒಂದು ಹಬ್ಬ ಆಚರಿಸುತ್ತಿದ್ದಾಳೆ, ಕರ್ತನು ತನ್ನ ಕಡೆಯ ಸಂಜೆ ಶಿಷ್ಯರ ಜೊತೆ ಕೂತು ಆಚರಿಸಿದ್ದು ಅದೇ ಹಬ್ಬ ಅಂದರು. ನಮ್ಮ ಪ್ರಾರ್ಥನೆಗಳನ್ನು ನಮಗೆ ಕೊಟ್ಟ ಜನ ಅವರು. ನಾವು ಆ ಹಳೆಯ ಮರಕ್ಕೆ ಆಮೇಲೆ ಕಸಿ ಕಟ್ಟಿದ ಕೊಂಬೆಗಳು, ಬೇರನ್ನು ಕಡಿಯುವ ಕೊಂಬೆ ಬದುಕುವುದಿಲ್ಲ. ದೇವರು ಅವರಿಗೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ ಅಂದರು. ಕಡೆಗೆ, ಆ ಜನವನ್ನು ಹಗೆ ಮಾಡುವ ಒಂದು ಮಾತೂ ಇನ್ನು ಈ ಪೀಠದಿಂದ ಬರುವುದಿಲ್ಲ, ಬಂದರೆ ನೀವು ಎದ್ದು ನಿಂತು ನನ್ನನ್ನು ತಡೆಯಿರಿ ಎಂದರು. ಹೆಂಗಸರ ಕಡೆಯಿಂದ ಯಾರೋ ಗಟ್ಟಿಯಾಗಿ ಆಮೆನ್ ಅಂದರು. ಆಮೇಲೆ ಎಲ್ಲರೂ ಅಂದರು.

ಸೋಮವಾರ ನಾಟಕ. ಬೆಳಿಗ್ಗೆಯಿಂದ ಮೋಡ ಕಟ್ಟುತ್ತಿತ್ತು, ಬಿಸಿಲು ಬಂದು ಹೋಗುತ್ತಿತ್ತು. ಬೆಟ್ಟದಪುರದಿಂದ ಗಾಡಿಗಳು ಬಂದವು. ಬಯಲಿನಲ್ಲಿ ಕಾಲಿಡಲು ಜಾಗವಿಲ್ಲ. ಮರಿಬಸಪ್ಪನವರು ವೇಷಗಳನ್ನು ಪೂರ್ತಿ ಬದಲಾಯಿಸಿದ್ದರು. ಕರ್ತನಿಗೂ, ಶಿಷ್ಯರಿಗೂ, ಮಹಾಯಾಜಕನಾದ ನನಗೂ, ಕೂಗುವ ಗುಂಪಿಗೂ ಒಂದೇ ಬಗೆಯ ಉಡುಪು. ಬೇರೆಯಾಗಿ ಕಾಣುತ್ತಿದ್ದವರು ಸಿಪಾಯಿಗಳು ಮಾತ್ರ. ಹಲ್ಲಿಲ್ಲದೆ ನನ್ನ ಪಾತ್ರ ಸಪ್ಪೆಯಾಗುತ್ತದೆ ಎಂದು ಹೆದರಿದ್ದೆ. ಆದರೆ ಸರ್ಕಾರದ ಭಯಕ್ಕೆ ಸಿಕ್ಕಿ, ಊರು ಉಳಿಯಬೇಕಾದರೆ ಒಬ್ಬ ಹೋಗಲಿ ಎಂದುಕೊಳ್ಳುವ ಮನುಷ್ಯನಾಗಿ ಆ ಮಾತುಗಳನ್ನು ಹೇಳುವಾಗ ಬಯಲೆಲ್ಲ ಸದ್ದಡಗಿತು. ಸಮುವೇಲಪ್ಪನವರು ಕೈ ತೊಳೆಯುವ ಅಂಕದಲ್ಲಿ ತೊಳೆದ ಕೈಯನ್ನು ಒರೆಸಲಾಗದೆ ನಿಂತುಬಿಟ್ಟರು. ಅದು ನಾನು ಬರೆದದ್ದಾಗಲಿ, ಮರಿಬಸಪ್ಪನವರು ಕಲಿಸಿದ್ದಾಗಲಿ ಅಲ್ಲ.

ಏಲಿಯಾ ತಾನು ಬರುವುದಿಲ್ಲ ಎಂದು ನನಗೆ ಮೊದಲೇ ಹೇಳಿದ್ದರು. ಆದರೆ ಹೆಂಗಸರ ಮುಂದಿನ ಸಾಲಿನಲ್ಲಿ, ಕೈಗೆ ಜೋಲಿ ಕಟ್ಟಿಕೊಂಡು ಸಾರಮ್ಮ ಕೂತಿದ್ದರು. ದೇವಕೃಪೆ ಮತ್ತು ನಾಲ್ಕು ಹುಡುಗಿಯರು ಮನೆಗೆ ಹೋಗಿ, ನಮ್ಮ ಹೊಸ ಹಾಡು ಕೇಳಬೇಕು ಎಂದು ಹಟ ಹಿಡಿದು ಕರೆತಂದಿದ್ದರಂತೆ. ಗೇಟಿನ ಆಚೆ, ಅರ್ಧ ಒಳಗೆ ಅರ್ಧ ಹೊರಗೆ, ಕರಿ ಟೋಪಿ ಕಂಡಿತು.

ಶಿಲುಬೆಯ ಕೆಳಗೆ ತಾಯಿ ಅಳುವ ಅಂಕ ಬಂತು. ತಾಯಿಯ ಪಾತ್ರ ಹಾಕಿದ್ದವನು ಬೆಟ್ಟದಪುರದ ದಾನಿಯೇಲ, ಅವನ ಕಂಠಕ್ಕೆ ಕಲ್ಲೂ ಕರಗುತ್ತಿತ್ತು. ಅವನು ಸತ್ತ ಮಗನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಹಾಡುತ್ತಿದ್ದಾಗ ಸಾರಮ್ಮ ಪಕ್ಕದ ಹೆಂಗಸರ ಕಡೆ ತಿರುಗಿದರು. ಮುಂದಿದ್ದವರಿಗೆಲ್ಲ ಕೇಳಿಸುವ ಹಾಗೆ ಹೇಳಿದರು.

“ಇವಳು ನಮ್ಮ ಹುಡುಗಿ. ನಮ್ಮವಳು.”

ಪಕ್ಕದಲ್ಲಿದ್ದ ಒಬ್ಬ ರೈತರ ಹೆಂಗಸು, ನಮ್ಮ ಸಭೆಯವಳೂ ಅಲ್ಲ, ಹೂಂ ಕಣವ್ವ ಎಂದು ಅವರ ಹೆಗಲ ಮೇಲೆ ಕೈ ಹಾಕಿದಳು. ಇಬ್ಬರೂ ಅತ್ತರು. ಆಮೇಲೆ ಸಮಾಧಿ ತೆರೆದ ಅಂಕ, ಮಕ್ಕಳ ಹಾಡು. ಕೊಂದವರಾರು ಎಂದು ದೇವಕೃಪೆ ಕೇಳಿದಳು. ನಾನು, ನಾನು ಎಂದು ಮಕ್ಕಳು ಹೇಳುತ್ತಿದ್ದಂತೆ ಬಯಲಿನ ಜನವೂ ಅವರ ಜೊತೆ ದನಿ ಕೂಡಿಸಿದರು. ಎರಡು ಹನಿ ಮಳೆ ಬಿತ್ತು, ಯಾರೂ ಏಳಲಿಲ್ಲ. ಗೇಟಿನ ಕಡೆ ನೋಡಿದೆ. ಏಲಿಯಾ ಒಳಗೆ ಬಂದು ತಾಯಿಯ ಹಿಂದೆ ನಿಂತಿದ್ದರು.

ಆ ವರ್ಷ ನಮ್ಮ ನಾಟಕವನ್ನು ಬೆಟ್ಟದಪುರ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಲ್ಲ ಕಡೆ ಕರೆದು ಆಡಿಸಿದರು. ಪಿರಿಯಾಪಟ್ಟಣದಲ್ಲಿ ಮಾತ್ರ ಒಂದು ಅಡ್ಡಿ ಬಂತು. ದೂರದ ಊರಿಂದ ಬಂದಿದ್ದ ಒಬ್ಬ ಬೋಧಕರು ನಡುವೆ ಎದ್ದು, ಕರ್ತನನ್ನು ಕೊಂದ ಕುಲದ ಹೆಸರನ್ನೇ ನುಂಗಿಬಿಟ್ಟಿದ್ದೀರಿ, ಹಳೆಯ ಹಾಡು ಚೆನ್ನಾಗಿತ್ತಂತೆ, ಅದನ್ನು ಹಾಡಿಸಿ ಎಂದರು. ಮರಿಬಸಪ್ಪನವರು ಹಾರ್ಮೋನಿಯಂ ನಿಲ್ಲಿಸಿದರು. ರೋಮಿನ ಅಧಿಪತಿಯ ವೇಷದಲ್ಲೇ ಸಮುವೇಲಪ್ಪನವರು ಮುಂದೆ ಬಂದರು.

“ಆ ಹಾಡು ಹುಣಸೂರಲ್ಲಿ ಸತ್ತೋಯ್ತು ಸಾಮಿ. ನಾನೇ ನಿಂತು ಪಂಚನಾಮೆ ಮಾಡಿವ್ನಿ. ಕೂತ್ಕಳ್ಳಿ.”

ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಬೋಧಕರು ಕೂತರು. ನಾಟಕ ಮುಂದುವರಿಯಿತು.

ನವೆಂಬರಿನಲ್ಲಿ ಏಲಿಯಾರ ಕುಟುಂಬಕ್ಕೆ ಇಸ್ರೇಲಿಗೆ ಹೊರಡುವ ಕಾಗದ ಬಂತು. ಪರವೂರಿನಿಂದ ಅವರ ಜನ ತಂಡ ತಂಡವಾಗಿ ಹೋಗುತ್ತಿದ್ದರು. ಹುಣಸೂರಿನ ಬಸ್ ನಿಲ್ದಾಣಕ್ಕೆ ಅವರನ್ನು ಕಳಿಸಲು ನಮ್ಮ ಸಭೆಯವರೂ, ಬೀದಿಯವರೂ, ಶಾಲೆಯ ಮಕ್ಕಳೂ ಬಂದಿದ್ದರು. ಸಾರಮ್ಮ ವಾಸಿಯಾದ ಕೈಯನ್ನು ಒಂದೊಂದು ಮಗುವಿನ ತಲೆಯ ಮೇಲೂ ಇಟ್ಟು ತಮ್ಮ ಹಿರಿಯರ ಭಾಷೆಯಲ್ಲಿ ಆಶೀರ್ವಾದ ಹೇಳಿದರು. ಸಾಲಿನ ಕೊನೆಗೆ ನೋಡಿದರೆ ಅಯ್ಯನವರು ಟೊಪ್ಪಿಗೆ ತೆಗೆದು ತಲೆ ಬಗ್ಗಿಸಿ ನಿಂತಿದ್ದರು. ಆ ತಾಯಿ ಒಂದು ಗಳಿಗೆ ನಕ್ಕು, ಅವರ ತಲೆಯ ಮೇಲೂ ಕೈ ಇಟ್ಟರು.

ಏಲಿಯಾ ಬಸ್ ಹತ್ತುವ ಮುಂಚೆ ನನ್ನ ಹತ್ತಿರ ಬಂದರು. ಅಲ್ಲಿಗೆ ಲೋಕದ ಎಲ್ಲ ಕಡೆಯಿಂದ ತಮ್ಮವರು ಬಂದಿರುತ್ತಾರೆ, ಒಬ್ಬೊಬ್ಬರೂ ತಮ್ಮ ಊರಲ್ಲಿ ಏನಾಯಿತೆಂದು ಹೇಳುತ್ತಾರೆ, ತನ್ನ ಸರದಿ ಬಂದಾಗ ಹುಣಸೂರಿನದು ಹೇಳುತ್ತೇನೆ ಅಂದರು. ಏನು ಹೇಳುತ್ತೀರಿ ಎಂದು ಕೇಳಿದೆ.

“ಎರಡೂ ಹೇಳ್ತೇನೆ ಮಾಷೆ. ಅಲ್ಲಿ ಒಂದು ಹಾಡು ಬಂತು ಅಂತ. ಹಾಡು ಕಟ್ಟಿದವರೇ ಅದನ್ನ ನಿಲ್ಲಿಸಿದರು ಅಂತ. ಎರಡನೇದು ಹೇಳೋದಕ್ಕೆ ಅಲ್ಲಿ ಬಹಳ ಜನ ಇರಲ್ಲ.”

ಬಸ್ಸು ಮೈಸೂರಿನ ರಸ್ತೆಗೆ ತಿರುಗುವವರೆಗೆ ಮಕ್ಕಳು ಕೈ ಬೀಸಿದರು. ಆಮೇಲೆ ಸಮುವೇಲಪ್ಪನವರು ಅವರನ್ನು ಸಾಲಾಗಿ ನಿಲ್ಲಿಸಿ, ಎದೆ ಸೆಟೆಸಿಕೊಂಡು, ಬಜಾರಿನ ನಡುವೆಯೇ ಶಾಲೆಗೆ ನಡೆಸಿಕೊಂಡು ಬಂದರು. ಅಂಗಡಿಯವರು ಏನು ಹಬ್ಬ ಎಂದು ಕೇಳಿದರು. ಯಾರೂ ನಿಂತು ಹೇಳಲಿಲ್ಲ. ನಾವು ಗೆದ್ದು ಬಂದವರ ಹಾಗೆ ನಡೆಯುತ್ತಿದ್ದೆವು.